ದ್ರಾಕ್ಷಿ ತೋಟ ಹೆಚ್ಚಿಸಲು ಸಾಲ: ಕಂತು ಬಳ್ಳಿಯ ಲೆಕ್ಕಕ್ಕೆ ಹೊಂದಲಿ

ವಿಜಯಪುರ ಸೀಮೆಯಲ್ಲಿ ಎರಡು ಎಕರೆ ದ್ರಾಕ್ಷಿ ಇರುವ ಮನೆಯಲ್ಲಿ ಒಂದಲ್ಲ ಒಂದು ವರ್ಷ ಈ ಮಾತು ಬಂದೇ ಬರುತ್ತದೆ: ‘ಇನ್ನೆರಡು ಎಕರೆ ಹಚ್ಚೋಣು, ಒಣದ್ರಾಕ್ಷಿಗೆ ನಮ್ದ ಶೆಡ್ ಹಾಕೋಣು.’ ನಮ್ಮ ಮನೆಯಲ್ಲಿ ಬಂದಾಗ ಅಣ್ಣ ಬೆಳೆ ಸಾಲದ ದುಡ್ಡಿನಲ್ಲೇ ಶೆಡ್ಡಿಗೆ ಕಬ್ಬಿಣ ತಂದ. ಶೆಡ್ ಎದ್ದಿತು. ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವ ಕೆಲಸ) ಹೊತ್ತಿಗೆ ಔಷಧಿ, ಗೊಬ್ಬರಕ್ಕೆ ಕೈಯಲ್ಲಿ ಕಾಸಿರಲಿಲ್ಲ. ಅಂಗಡಿಯಿಂದ ಉದ್ರಿ ತಂದೆವು. ಆ ಉದ್ರಿ ತೀರಿಸಲು ಮಾಲು ಒಣಗಿದ ವಾರದಲ್ಲೇ ಸಿಕ್ಕ ದರಕ್ಕೆ ಕೊಡಬೇಕಾಯಿತು. ಶೆಡ್ ಹಾಕಿದ್ದು ತಪ್ಪಲ್ಲ, ಅದಕ್ಕೆ ಬಳಸಿದ ಸಾಲ ತಪ್ಪಿತ್ತು.

ಖರ್ಚನ್ನು ಮೂರು ಗಂಟು ಮಾಡಿ

ಬ್ಯಾಂಕಿಗೆ ಹೋಗುವ ಮುಂಚೆ ಒಂದು ಹಾಳೆಯಲ್ಲಿ ಎಲ್ಲ ಖರ್ಚು ಬರೆಯಿರಿ. ಸಸಿ, ಚಪ್ಪರದ ಕಂಬ, ತಂತಿ, ಹನಿ ನೀರಾವರಿ ಒಂದು ಗಂಟು. ಶೆಡ್, ವಿಂಗಡಣೆ ಯಂತ್ರ, ಪ್ಯಾಕಿಂಗ್ ಇನ್ನೊಂದು. ಚಾಟ್ನಿಯಿಂದ ಕಟಾವಿನವರೆಗಿನ ಕೂಲಿ, ಗೊಬ್ಬರ, ಔಷಧಿ ಮೂರನೆಯದು. ಮೊದಲ ಎರಡಕ್ಕೆ ಹಲವು ವರ್ಷದ ಅವಧಿ ಸಾಲ ಬೇಕು. ಮೂರನೆಯದಕ್ಕೆ ಮಾತ್ರ ಬೆಳೆ ಸಾಲ. ಈ ಗಂಟುಗಳು ಒಂದರೊಳಗೊಂದು ಬೆರೆತರೆ ತೋಟ ಚೆನ್ನಾಗಿದ್ದರೂ ಮನೆ ಸೋಲುತ್ತದೆ.

ಪಹಣಿ ಮೊದಲು, ಮ್ಯಾನೇಜರ್ ಆಮೇಲೆ

ಹೆಚ್ಚಿನ ಅರ್ಜಿಗಳು ನಿಲ್ಲುವುದು ಇಲ್ಲಿ. ಪಹಣಿಯ ಕಾಲಂ 9ರಲ್ಲಿ ಇನ್ನೂ ತೀರಿಹೋದ ಅಜ್ಜನ ಹೆಸರಿದ್ದರೆ ಮೊದಲು ವಂಶವೃಕ್ಷ ಮಾಡಿಸಿ ಪೌತಿ ಖಾತೆಗೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಿಸಲು, ಅರ್ಜಿ ಹಾಕಿ. ಅಕ್ಕ-ತಂಗಿಯರ ಹೆಸರು ಬಿಟ್ಟು ಮುಗಿಸೋಣ ಎಂಬ ಆಸೆ ಬೇಡ. 2005ರ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿದೆ. ಅವರನ್ನು ಕೂರಿಸಿಕೊಂಡು ಮಾತಾಡಿ, ಸಹಿ ಪಡೆಯಿರಿ. ಅದು ಕಾಗದಕ್ಕಷ್ಟೇ ಅಲ್ಲ, ನ್ಯಾಯಕ್ಕೂ ಬೇಕು.

ಕಾಲಂ 11 ಕೂಡ ನೋಡಿ. ಎಂದೋ ತೀರಿಸಿದ ಸಾಲದ ಬೋಜಾ (ಭೂಮಿಯ ಮೇಲಿನ ಸಾಲದ ನಮೂದು) ಅಲ್ಲಿ ಉಳಿದಿರುವುದುಂಟು. ಹಳೆಯ ಬ್ಯಾಂಕಿನಿಂದ ಬಾಕಿ ಇಲ್ಲವೆಂಬ ಬೇಬಾಕಿ ಪತ್ರ ತಂದು ತೆಗೆಸಿ. ರೈತರ ನೋಂದಣಿ ಸಂಖ್ಯೆಯಾದ ಫ್ರೂಟ್ಸ್ ಐಡಿಯಲ್ಲಿ ಎಲ್ಲ ಸರ್ವೆ ನಂಬರ್ ಸೇರಿವೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಪರಿಶೀಲಿಸಿ.

ಸಾಲ ಒಬ್ಬ ಅಣ್ಣನ ಹೆಸರಲ್ಲಿ, ಭೂಮಿ ನಾಲ್ವರದು ಎಂದಾದರೆ ಕಂತು ಯಾರು ಕಟ್ಟುತ್ತಾರೆ, ಶೆಡ್ ಯಾರದು ಎಂಬುದನ್ನು ಮನೆಯೊಳಗೇ ಬರೆದಿಡಿ. ನಾಳೆ ಪಾಲಾದರೂ ಆ ಹಾಳೆ ಕೆಲಸಕ್ಕೆ ಬರುತ್ತದೆ.

ಯಾವ ಬಾಗಿಲು ಯಾವುದಕ್ಕೆ

ತೋಟ ಹಚ್ಚಲು ಮೊದಲು ಊರಿನ ಕೃಷಿ ಸಹಕಾರ ಸಂಘ (ಸೊಸೈಟಿ) ಮತ್ತು ದೀರ್ಘಾವಧಿ ಕೃಷಿ ಸಾಲ ಕೊಡುವ ಸಹಕಾರಿ ಪಿಎಲ್‌ಡಿ ಬ್ಯಾಂಕ್ ಕೇಳಿ. ರಾಜ್ಯದಲ್ಲಿ ಸಹಕಾರ ಸಂಸ್ಥೆಗಳ ಮಧ್ಯಮಾವಧಿ, ದೀರ್ಘಾವಧಿ ಕೃಷಿ ಸಾಲಕ್ಕೆ ಶೇ 3ರ ಬಡ್ಡಿದರವಿದೆ. 2023–24ರ ಬಜೆಟ್‌ನಲ್ಲಿ ಇದರ ಮಿತಿಯನ್ನು ₹10 ಲಕ್ಷದಿಂದ ₹15 ಲಕ್ಷಕ್ಕೆ, ಬಡ್ಡಿ ಇಲ್ಲದ ಅಲ್ಪಾವಧಿ ಸಾಲದ ಮಿತಿಯನ್ನು ₹3 ಲಕ್ಷದಿಂದ ₹5 ಲಕ್ಷಕ್ಕೆ ಏರಿಸಲಾಯಿತು. ಕಂತು ತಪ್ಪಿಸಿದವರಿಗೆ ಈ ರಿಯಾಯಿತಿ ಸಿಗದು. ನೀವು ಕೇಳಿದಷ್ಟು ಕೊಡಲು ನಿಮ್ಮ ಸೊಸೈಟಿಯಲ್ಲಿ ಹಣ ಇದೆಯೇ ಎಂಬುದನ್ನೂ ಮೊದಲೇ ಕೇಳಿ.

ಶೆಡ್, ಪ್ಯಾಕ್ ಹೌಸ್, ಕೋಲ್ಡ್ ಸ್ಟೋರೇಜ್‌ನಂಥ ಕೊಯ್ಲೋತ್ತರ ಕೆಲಸಕ್ಕೆ 2020ರಲ್ಲಿ ಬಂದ ಕೃಷಿ ಮೂಲಸೌಕರ್ಯ ನಿಧಿ ಇದೆ. ₹2 ಕೋಟಿವರೆಗಿನ ಸಾಲಕ್ಕೆ ಶೇ 3ರಷ್ಟು ಬಡ್ಡಿ ಸಹಾಯಧನ, ಗರಿಷ್ಠ 7 ವರ್ಷ. ₹20 ಲಕ್ಷದ ಸಾಲಕ್ಕೆ ಮೊದಲ ವರ್ಷವೇ ಸುಮಾರು ₹60 ಸಾವಿರ ಉಳಿಯುತ್ತದೆ. ಸಾಲಕ್ಕೆ ಖಾತರಿಯ ವ್ಯವಸ್ಥೆಯೂ ಇದ್ದು, ಅದರ ಶುಲ್ಕವನ್ನು ಕೇಂದ್ರವೇ ಭರಿಸುತ್ತದೆ. ಹಾಗಾಗಿ ಇದ್ದ ಭೂಮಿಯನ್ನೆಲ್ಲ ಅಡವಿಡಿ ಎಂದರೆ ಖಾತರಿ ಯೋಜನೆಯಡಿ ಪರಿಗಣಿಸಿ ಎಂದು ವಿನಯದಿಂದಲೇ ಕೇಳಿ. ಈ ನಿಧಿಯ ಸಾಲ ವಿತರಣೆಗೆ 2025–26ರವರೆಗೆ ಎಂದು ಅವಧಿ ಗೊತ್ತುಮಾಡಲಾಗಿತ್ತು. ಅರ್ಜಿ ಹಾಕುವ ದಿನದ ಸ್ಥಿತಿಯನ್ನು ಬ್ಯಾಂಕಿನಲ್ಲಿ ಖಚಿತಪಡಿಸಿಕೊಳ್ಳಿ.

ಒಣದ್ರಾಕ್ಷಿ ತೊಳೆದು, ವಿಂಗಡಿಸಿ, ಪ್ಯಾಕ್ ಮಾಡುವ ಕಿರು ಘಟಕವಾದರೆ ಕಿರು ಆಹಾರ ಸಂಸ್ಕರಣಾ ಘಟಕಗಳಿಗೆಂದು ಕೇಂದ್ರ ತಂದ ಪಿಎಂಎಫ್‌ಎಂಇ ಯೋಜನೆಯನ್ನೂ ವಿಚಾರಿಸಿ. ಕರ್ನಾಟಕದಲ್ಲಿ ರಾಜ್ಯದ ಪಾಲೂ ಸೇರಿ ಶೇ 50ರಷ್ಟು, ಗರಿಷ್ಠ ₹15 ಲಕ್ಷದವರೆಗೆ ಸಹಾಯಧನ ನೀಡಲಾಗಿದೆ. ಅರ್ಜಿ, ಯೋಜನಾ ವರದಿಗೆ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳ ನೆರವು ಸಿಗುತ್ತದೆ.

ಸಹಾಯಧನ ಕೈಗೆ ಬರುವ ಹಣವಲ್ಲ

ಇದನ್ನು ತಿಳಿಯದೆ ಸಂಕಟಕ್ಕೆ ಬಿದ್ದವರು ಬಹಳ. ಸಾಲಕ್ಕೆ ಜೋಡಿಸಿದ ಸಹಾಯಧನವನ್ನು ಸಾಮಾನ್ಯವಾಗಿ ಬ್ಯಾಂಕ್ ನಿಮ್ಮ ಹೆಸರಲ್ಲೇ ಬೇರೆ ಖಾತೆಯಲ್ಲಿಟ್ಟು, ನಿಗದಿತ ಅವಧಿ ಮುಗಿದ ಮೇಲೆ ಸಾಲಕ್ಕೆ ವಜಾ ಮಾಡುತ್ತದೆ. ಅಂದರೆ ಶೆಡ್ ಕಟ್ಟುವುದು ನಿಮ್ಮ ಪಾಲು ಮತ್ತು ಬ್ಯಾಂಕ್ ಸಾಲದಿಂದ. ನಿಮ್ಮ ಪಾಲು ಕನಿಷ್ಠ ಶೇ 10 ಇರಲೇಬೇಕು. ನನ್ನ ಸಲಹೆ ಕೇಳಿದರೆ ಶೇ 25 ಇಟ್ಟುಕೊಳ್ಳಿ, ಏಕೆಂದರೆ ಕಬ್ಬಿಣದ ದರ ಕೊಟೇಶನ್ ಕೊಟ್ಟ ದಿನದಂತೆ ಉಳಿಯುವುದಿಲ್ಲ. ಮಂಜೂರಾತಿಗೆ ಮೊದಲೇ ಕೆಲಸ ಶುರು ಮಾಡಬೇಡಿ, ಸಹಾಯಧನ ಕೈತಪ್ಪಬಹುದು.

ಬಳ್ಳಿಯ ಲೆಕ್ಕ

ಡಾಗ್‌ರಿಡ್ಜ್ ಬೇರುಗಿಡ ನೆಟ್ಟು, ಕಸಿ ಕಟ್ಟಿ, ಬಳ್ಳಿ ಚಪ್ಪರಕ್ಕೇರಿ ಹೇಳಿಕೊಳ್ಳುವಂಥ ಫಸಲು ಬರಲು ಹತ್ತಿರತ್ತಿರ ಎರಡು ವರ್ಷ ಬೇಕು. ಆವರೆಗೆ ಅಸಲಿನ ಕಂತು ಬೇಡವೆಂದು ಯೋಜನಾ ವರದಿಯಲ್ಲೇ ಬರೆಸಿ. ಆದರೆ ಕಂತಿಗೆ ವಿರಾಮವಿದ್ದರೂ ಬಡ್ಡಿಗೆ ವಿರಾಮವಿಲ್ಲ: ₹12 ಲಕ್ಷಕ್ಕೆ ಶೇ 10ರ ದರದಲ್ಲಿ ಎರಡು ವರ್ಷಕ್ಕೆ ₹2.4 ಲಕ್ಷ. ಅದನ್ನು ಹಳೆಯ ಎರಡು ಎಕರೆ ಹೊರಬೇಕು.

ಆದಾಯ ಬರೆಯುವಾಗ ಒಳ್ಳೆಯ ವರ್ಷದ ದರ ಹಿಡಿಯಬೇಡಿ. ಸುಮಾರು 4 ಕಿಲೊ ಹಸಿದ್ರಾಕ್ಷಿಗೆ 1 ಕಿಲೊ ಒಣದ್ರಾಕ್ಷಿ. ಎಕರೆಗೆ 10 ಟನ್ ಬಂದರೆ ಕೈಗೆ ಸಿಗುವುದು ಎರಡೂವರೆ ಟನ್. ಅದನ್ನು ಕಳೆದ ಐದು ವರ್ಷಗಳಲ್ಲಿ ನಿಮಗೆ ಸಿಕ್ಕ ಅತಿ ಕಡಿಮೆ ದರದಿಂದ ಗುಣಿಸಿ, ಎಲ್ಲ ಖರ್ಚು ಕಳೆಯಿರಿ. ಉಳಿದದ್ದು ವರ್ಷದ ಕಂತಿನ ಒಂದೂವರೆ ಪಟ್ಟು ಇಲ್ಲದಿದ್ದರೆ ಎರಡು ಎಕರೆಯ ಬದಲು ಒಂದೇ ಎಕರೆ ಹಚ್ಚಿ. ಬೋರ್‌ವೆಲ್ ನೀರು ಏಪ್ರಿಲ್‌ನಲ್ಲಿ ಎಷ್ಟು ಬರುತ್ತದೆ ಎಂಬುದೂ ಈ ಲೆಕ್ಕದ ಭಾಗವೇ.

ಕಂತು ತಿಂಗಳಿಗೊಮ್ಮೆ ಬೇಡ. ಕಟಾವು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ. ಮಾರ್ಚ್ 31ಕ್ಕೆ ಕಂತು ಇಟ್ಟರೆ ಎಲ್ಲರ ಮಾಲೂ ಒಮ್ಮೆಗೇ ಬಂದು ದರ ಕುಸಿದಿರುವಾಗಲೇ ಮಾರಬೇಕಾಗುತ್ತದೆ. ಜೂನ್ ಅಥವಾ ಜುಲೈಗೆ ವರ್ಷಕ್ಕೊಂದು ಕಂತು ಕೇಳಿ, ಒಪ್ಪಿದ ಮೇಲೆ ಸಾಲಪತ್ರದಲ್ಲಿ ಆ ದಿನಾಂಕವನ್ನು ಕಣ್ಣಾರೆ ಓದಿ.

ಮಾಲು ಕೋಲ್ಡ್ ಸ್ಟೋರೇಜ್‌ಗೆ ಹೋದ ಮೇಲೂ ದುಡ್ಡಿನ ದಾರಿ ಇದೆ. ಅದರ ರಸೀದಿ ಅಡವಿಟ್ಟು ಸಾಲ ಕೊಡುವ ಬ್ಯಾಂಕುಗಳಿವೆ. ಆ ದುಡ್ಡಿನಲ್ಲಿ ಕಟಾವಿನ ನಂತರದ ಏಪ್ರಿಲ್ ಚಾಟ್ನಿ ಮುಗಿಸಿ, ದರ ಏರುವವರೆಗೆ ಮಾಲು ತಡೆದಿಡಬಹುದು. ಗೋದಾಮಿನ ಬಾಡಿಗೆ, ಬಡ್ಡಿ ಎರಡನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹವಾಮಾನ ಆಧಾರಿತ ಬೆಳೆ ವಿಮೆ ಬಿಡಬೇಡಿ. ತೋಟಗಾರಿಕೆ ಬೆಳೆಗೆ ರೈತನ ಪಾಲು ವಿಮಾ ಮೊತ್ತದ ಶೇ 5. ಹೊಸ ತೋಟದ ಮೊದಲ ಫಸಲಿಗೆ ಅಕಾಲಿಕ ಮಳೆ ಬಿದ್ದ ವರ್ಷ ಕಂತು ಕಟ್ಟುವುದು ಹೇಗೆಂದು ಈಗಲೇ ಬ್ಯಾಂಕಿನವರ ಜೊತೆ ಮಾತಾಡಿಕೊಳ್ಳಿ. ಬೆಳೆ ಹಾಳಾದರೆ ಕಂತು ಮುಂದೂಡಲು ಅರ್ಜಿ ಕೊಡಬಹುದು, ಆದರೆ ಸಾಲ ಸುಸ್ತಿಯಾಗುವ ಮೊದಲೇ ಕೊಡಬೇಕು.