ಗಣಿ ಮುಚ್ಚಿದ ನೆಲದಲ್ಲಿ ಗಿಡ ಎಣಿಸಿದ ನನ್ನ ಅನುಭವ

ಗಣಿ ಕೆಲಸ ನಿಂತ ಮೇಲೆ ಅಗೆದು ಸುರಿದಿದ್ದ ರಾಶಿಯನ್ನು ಸಮ ಮಾಡಿ, ಮೇಲ್ಮಣ್ಣು ಹರಡಿ, ಸಸಿ ನೆಟ್ಟಿದ್ದರು. ಅಲ್ಲಿ ಗಿಡ ಹೇಗೆ ಬರುತ್ತಿದೆ ಅಂತ ವರ್ಷ ವರ್ಷ ನೋಡಿ ಬರೆದಿಡುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ವರ್ಷ ನಾನು ಮಾಡಿದ್ದು ಬರೀ ತಲೆ ಎಣಿಕೆ. ನೆಟ್ಟಿದ್ದರಲ್ಲಿ ಎಷ್ಟು ಬದುಕಿವೆ, ಎಷ್ಟು ಒಣಗಿವೆ, ಅಷ್ಟೇ. ಲೆಕ್ಕ ಚೆನ್ನಾಗೇ ಇತ್ತು. ಆದರೆ ಸಸಿಗಳ ನಡುವಿನ ನೆಲ ಬೋಳು. ಮಳೆ ಬಂದಾಗಲೆಲ್ಲ ಹೊಸ ಕೊರಕಲು. ನನ್ನ ಹಾಳೆಯಲ್ಲಿ ಅದನ್ನು ಬರೆಯೋಕೆ ಜಾಗವೇ ಇರಲಿಲ್ಲ.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಗಿಡ ಎಣಿಸುವ ಚೌಕಗಳನ್ನು ನಾನೇ ಕಣ್ಣಳತೆಯಲ್ಲಿ ಆರಿಸಿದ್ದೆ. ದಾರಿಗೆ ಹತ್ತಿರ, ನಿಲ್ಲೋಕೆ ಸಲೀಸು, ಸ್ವಲ್ಪ ಹಸಿರಿರುವ ಕಡೆ. ಕಡಿದಾದ ಇಳಿಜಾರಿನಲ್ಲಿ ಒಂದೂ ಇರಲಿಲ್ಲ. ಎರಡನೇ ವರ್ಷ ಆ ಪುಸ್ತಕ ಪಕ್ಕಕ್ಕಿಟ್ಟು ಮೊದಲಿನಿಂದ ಶುರು ಮಾಡಿದೆ. ಕಂಪ್ಯೂಟರ್ ಮನಸ್ಸಿಗೆ ಬಂದಂತೆ ಆರಿಸಿದ ಬಿಂದುಗಳಿಗೇ ಹೋದೆ, ಕಾಲು ಜಾರಿದರೂ ಸರಿ ಅಂತ. ಪ್ರತಿ ಚೌಕದ ಮೂಲೆಗೂ ಕಬ್ಬಿಣದ ಗೂಟ ಹೊಡೆದೆ. ಕೈಯಲ್ಲಿ ಹಿಡಿಯುವ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಒಂದು ಮೀಟರ್ ಚೌಕ ಹುಡುಕೋಕೆ ಅದನ್ನೇ ನಂಬಿದರೆ ಆಯ್ತು ಕಥೆ.

ಈಗ ಎರಡು ಬಗೆಯಲ್ಲಿ ಅಳೆಯುತ್ತೇನೆ. ಮೊದಲನೆಯದು 50 ಮೀಟರ್ ಟೇಪು. ನೆಲದ ಮೇಲೆ ಬಿಗಿಯಾಗಿ ಎಳೆದು, ಪ್ರತಿ 50 ಸೆಂಟಿಮೀಟರ್‌ಗೆ ಒಂದು ತೆಳ್ಳನೆ ಕಂಬಿಯನ್ನು ನೆಟ್ಟಗೆ ಇಳಿಸುತ್ತೇನೆ. ಕಂಬಿಗೆ ಏನು ತಾಗಿತು? ಹುಲ್ಲಾ, ತರಗೆಲೆಯಾ, ಕಲ್ಲಾ, ಬರೀ ಮಣ್ಣಾ? ಅದನ್ನೇ ಬರೆಯುವುದು. ಒಟ್ಟು 100 ಬಿಂದು, ಆದ್ದರಿಂದ ಪ್ರತಿ ಬಿಂದುವೂ ಶೇಕಡಾ 1. ಕ್ಯಾಲ್ಕುಲೇಟರ್ ಕೂಡ ಬೇಡ. ಇಲ್ಲಿ ‘ಬರೀ ಮಣ್ಣು’ ಅನ್ನುವ ಸಂಖ್ಯೆ ನನಗೆ ಎಲ್ಲಕ್ಕಿಂತ ಮುಖ್ಯ. ಅದು ಇಳಿಯದಿದ್ದರೆ ಮಣ್ಣು ಕೊಚ್ಚಿ ಹೋಗುವುದು ನಿಲ್ಲುವುದಿಲ್ಲ.

ಎರಡನೆಯದು ಒಂದು ಮೀಟರ್ ಉದ್ದಗಲದ ಚೌಕ. ಇದಕ್ಕೆ ಮೊಣಕಾಲೂರಿ ಕೂರಬೇಕು. ನೆಟ್ಟ ಗಿಡ ಬೇರೆ, ತಾನಾಗಿ ಹುಟ್ಟಿದ್ದು ಬೇರೆ, ಕಳೆ ಬೇರೆ ಅಂತ ಎಣಿಸಬೇಕು. ಚೌಕದೊಳಗೆ ಯಾವಾಗಲೂ ಒಂದೇ ಕಡೆಯಿಂದ ಕೈ ಚಾಚುತ್ತೇನೆ. ಸುತ್ತಲೂ ಓಡಾಡಿದರೆ ಎಣಿಸಬೇಕಾದ್ದನ್ನು ನಾವೇ ತುಳಿದಿರುತ್ತೇವೆ. ಇದೂ ಒಂದು ಸಲ ತುಳಿದ ಮೇಲೇ ಗೊತ್ತಾಗಿದ್ದು!

ಮೂರನೇ ವರ್ಷ ಒಂದು ಪಟ್ಟಿಯಲ್ಲಿ ಸಸಿಗಳು ಬದುಕಿದ್ದವು, ಆದರೆ ಬೆಳೆಯುತ್ತಿರಲಿಲ್ಲ. ನೀರಿನ ಕೊರತೆ ಇರಬೇಕು ಅಂದುಕೊಂಡೆವು. ಕೊನೆಗೆ ಸತ್ತ ಒಂದು ಗಿಡದ ಪಕ್ಕ ಗುಂಡಿ ತೋಡಿ ನೋಡಿದೆ. ತಾಯಿಬೇರು ಒಂದು ಗೇಣು ಕೆಳಗಿಳಿದು, ಅಲ್ಲಿಂದ ಪೂರ್ತಿ ಅಡ್ಡಕ್ಕೆ ತಿರುಗಿತ್ತು, ಮೊಣಕೈ ಮಡಚಿದ ಹಾಗೆ. ಅದರ ಕೆಳಗೆ ಗುದ್ದಲಿ ‘ಠಣ್’ ಅಂದಿತು. ಡಂಪರ್‌ಗಳು ಓಡಾಡಿ ಓಡಾಡಿ ನೆಲ ಗಟ್ಟಿಯಾಗಿತ್ತು, ಅದರ ಮೇಲೇ ಮೇಲ್ಮಣ್ಣು ಹಾಸಿದ್ದರು. ಬೇರಿಗೂ ದಾರಿಯಿಲ್ಲ, ನೀರಿಗೂ ದಾರಿಯಿಲ್ಲ. ಪಕ್ಕದ ಪಟ್ಟಿಯಲ್ಲಿ ಆ ಗಟ್ಟಿ ನೆಲವನ್ನು ಸಾಲು ಸಾಲಾಗಿ ಆಳವಾಗಿ ಸೀಳಿಸಿದ ಮೇಲೆ ನೆಟ್ಟೆವು. ಸಸಿ ಬಂದಿದ್ದಂತೂ ಸರಿ, ಆ ಸಾಲುಗಳ ಒಳಗೇ ನೆಡದ ಗಿಡಗಳೂ ಮೊಳೆತವು. ಉಬ್ಬುತಗ್ಗು ಇದ್ದ ಕಡೆ ಗಾಳಿ ತಂದ ಬೀಜ ನಿಲ್ಲುತ್ತದೆ, ತೇವ ನಿಲ್ಲುತ್ತದೆ. ನೀಟಾಗಿ ಸಮ ಮಾಡಿದ ನೆಲ ನೋಡೋಕೆ ಚೆಂದ, ಬೀಜಕ್ಕೆ ಅಲ್ಲ.

ಮೇಲ್ಮಣ್ಣಿನದೂ ಹೀಗೇ. ಅದನ್ನು ಎತ್ತರದ ರಾಶಿ ಮಾಡಿ ವರ್ಷಗಟ್ಟಲೆ ಬಿಟ್ಟರೆ ಒಳಗಿನ ಬೀಜಗಳೂ, ಬೇರಿನ ಜೊತೆ ಬದುಕುವ ಶಿಲೀಂಧ್ರಗಳೂ ಕಡಿಮೆಯಾಗುತ್ತಾ ಹೋಗುತ್ತವೆ. ತೆಗೆದ ಕೂಡಲೇ ಹರಡಿದ ಮಣ್ಣಿನ ಬೆಲೆಯೇ ಬೇರೆ.

ಉಪಗ್ರಹದ ಚಿತ್ರ ಇರುವಾಗ ಇಷ್ಟೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ನಾನೂ ಬಳಸುತ್ತೇನೆ. ಲ್ಯಾಂಡ್‌ಸ್ಯಾಟ್ ಚಿತ್ರಗಳು 1972ರಿಂದ ಇವೆ. ಎಷ್ಟೋ ಕಡೆ ಗಣಿ ಶುರುವಾಗುವ ಮುಂಚೆ ಏನಿತ್ತು ಅಂತ ಅದರಲ್ಲೇ ನೋಡಬಹುದು. ಸೆಂಟಿನೆಲ್-2 ಉಪಗ್ರಹ ಹತ್ತು ಮೀಟರ್ ಚೌಕದ ಲೆಕ್ಕದಲ್ಲಿ ನೆಲ ತೋರಿಸುತ್ತದೆ, ಪುಕ್ಕಟೆ. ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ವಾಪಸ್ ಕಳಿಸುತ್ತದೆ. ಅವೆರಡರ ವ್ಯತ್ಯಾಸವನ್ನು ಅವೆರಡರ ಮೊತ್ತದಿಂದ ಭಾಗಿಸಿದರೆ ಎನ್‌ಡಿವಿಐ, ಅಂದರೆ ನೆಲ ಎಷ್ಟು ಹಸಿರಾಗಿದೆ ಅನ್ನುವ ಅಳತೆ. ಒಂದು ವರ್ಷ ಆ ನಕ್ಷೆಯಲ್ಲಿ ಒಂದು ಮೂಲೆ ಕಡುಹಸಿರಾಗಿ ಕಂಡಿತು. ಎಲ್ಲರಿಗೂ ಖುಷಿ. ಹೋಗಿ ನೋಡಿದರೆ ಒಂದೇ ಜಾತಿಯ ಕಳೆ, ಸೊಂಟದೆತ್ತರ. ಉಪಗ್ರಹಕ್ಕೆ ಕಳೆಯೂ ಹಸಿರೇ, ಅಲ್ವಾ? ಮಳೆ ಮುಗಿದ ತಿಂಗಳ ಚಿತ್ರವನ್ನು ಬೇಸಿಗೆಯ ಚಿತ್ರದ ಜೊತೆ ಇಟ್ಟು ‘ಸುಧಾರಿಸಿದೆ’ ಅನ್ನುವವರೂ ಇದ್ದಾರೆ. ಫೋಟೊ ಆಗಲಿ, ನಕ್ಷೆ ಆಗಲಿ, ಒಂದೇ ತಿಂಗಳಿನದನ್ನು ಮಾತ್ರ ಹೋಲಿಸುತ್ತೇನೆ.

ಹೋಲಿಸೋಕೆ ಹತ್ತಿರದಲ್ಲೇ ಗಣಿ ಮುಟ್ಟದ ಒಂದು ತುಂಡು ಕಾಡು ಇದೆ. ಅಲ್ಲೂ ಇಷ್ಟೇ ಚೌಕ, ಇದೇ ಟೇಪು.

ಐದನೇ ವರ್ಷ 14ನೇ ಚೌಕದಲ್ಲಿ ಒಂದು ಮೊಳಕೆ ಕಂಡಿತು. ಎರಡೇ ಬೀಜದೆಲೆ, ಹೆಸರು ಹೇಳೋಕೆ ಆಗಲಿಲ್ಲ. ಪಕ್ಕದಲ್ಲಿ ಪೆನ್ಸಿಲ್ ಇಟ್ಟು ಫೋಟೊ ತೆಗೆದು, ಹಾಳೆಯಲ್ಲಿ ‘ಗೊತ್ತಿಲ್ಲ–7’ ಅಂತ ಬರೆದೆ. ಮುಂದಿನ ಭೇಟಿಗೆ ನಿಜವಾದ ಎಲೆ ಬಂದಿತ್ತು. ಆ ತುಂಡು ಕಾಡಿನ ಮರದ್ದೇ ಮರಿ. ನಾವು ಅದನ್ನು ಎಲ್ಲೂ ನೆಟ್ಟಿರಲಿಲ್ಲ. ತಲೆಯೆತ್ತಿ ನೋಡಿದರೆ ನೆಟ್ಟ ಗಿಡವೊಂದರ ಕೊಂಬೆ, ಅದರ ಕೆಳಗಿನ ಎಲೆಗಳ ಮೇಲೆಲ್ಲ ಹಕ್ಕಿ ಹಿಕ್ಕೆಯ ಬಿಳಿ ಕಲೆ. ಮಾರನೇ ವರ್ಷ ಅದೇ ಕೊಂಬೆಯ ಕೆಳಗೆ ಇನ್ನೆರಡು ಇದ್ದವು.