ಬುಶೆಲ್ ಲೆಕ್ಕದಲ್ಲಿ ಮೆಕ್ಕೆಜೋಳ: ತೂಕದ ಕಟ್ಟೆಯಿಂದ ಹಣದ ಪಟ್ಟಿಯವರೆಗೆ

ಅಮೆರಿಕದಲ್ಲಿ ಮೆಕ್ಕೆಜೋಳದ ಬೆಲೆಯನ್ನು ಬುಶೆಲ್‌ಗೆ ಇಷ್ಟು ಡಾಲರ್ ಎಂದು ಹೇಳುತ್ತಾರಾದರೂ, ವ್ಯಾಪಾರಕ್ಕೆ ಬಂದ ಜೋಳವನ್ನು ಬುಶೆಲ್ ಪಾತ್ರೆಯಲ್ಲಿ ತುಂಬಿ ಅಳೆಯುವ ಪದ್ಧತಿ ಈಗ ಉಳಿದಿಲ್ಲ. ಇಲಿನಾಯ್ ರಾಜ್ಯದ ಒಂದು ಧಾನ್ಯ ಎಲಿವೇಟರ್‌ನಲ್ಲಿ, ಅಂದರೆ ರೈತರಿಂದ ಕಾಳು ಕೊಂಡು, ಒಣಗಿಸಿ, ದಾಸ್ತಾನು ಮಾಡಿ ಮುಂದಕ್ಕೆ ಸಾಗಿಸುವ ಕೇಂದ್ರದಲ್ಲಿ, ಟ್ರಕ್ಕುಗಳನ್ನು ತೂಗುವುದು, ಮಾದರಿಯನ್ನು ಪರೀಕ್ಷಿಸುವುದು ಮತ್ತು ರೈತನ ಹಣದ ಪಟ್ಟಿ ಬರೆಯುವುದು ನನ್ನ ಕೆಲಸ. ದಾವಣಗೆರೆ ಸೀಮೆಯಲ್ಲಿ ಕ್ವಿಂಟಲ್ ಲೆಕ್ಕವನ್ನು ನೋಡುತ್ತ ಬೆಳೆದ ನನಗೆ ಇಲ್ಲಿ ಮುಖ್ಯವೆಂದು ಕಂಡದ್ದು ಒಂದು ಸಂಗತಿ: ರೈತನ ಖಾತೆಗೆ ಸೇರುವ ಬುಶೆಲ್‌ಗಳ ಸಂಖ್ಯೆಯನ್ನು ತೂಕದ ಜೊತೆಗೆ ತೇವಾಂಶ ಕಳೆಯುವ ಸೂತ್ರವೂ ನಿರ್ಧರಿಸುತ್ತದೆ. ಆ ಸೂತ್ರ ಮಾರುವವನಿಗೂ ತಿಳಿದಿರಬೇಕು.

ಬುಶೆಲ್ ಮೂಲತಃ ಇಂಗ್ಲೆಂಡಿನ ಗಾತ್ರದ ಅಳತೆ. ಬ್ರಿಟನ್ 1824ರ ಕಾಯ್ದೆಯಿಂದ ಸ್ವಲ್ಪ ದೊಡ್ಡದಾದ ಇಂಪೀರಿಯಲ್ ಬುಶೆಲ್‌ಗೆ ಬದಲಾಯಿತು. ಅಮೆರಿಕ ಮಾತ್ರ 2,150.42 ಘನ ಅಂಗುಲದ, ಅಂದರೆ ಸುಮಾರು 35.24 ಲೀಟರಿನ ಹಳೆಯ ವಿಂಚೆಸ್ಟರ್ ಬುಶೆಲನ್ನೇ ಇಟ್ಟುಕೊಂಡಿತು. ಪಾತ್ರೆಯನ್ನು ಅಲುಗಾಡಿಸಿ ತುಂಬಿದರೆ ಒಂದು ಲೆಕ್ಕ, ಸಡಿಲವಾಗಿ ತುಂಬಿದರೆ ಇನ್ನೊಂದು ಲೆಕ್ಕ ಬರುವುದರಿಂದ, ಪ್ರತಿ ಧಾನ್ಯದ ಬುಶೆಲ್‌ಗೂ ಒಂದು ನಿಗದಿತ ತೂಕವನ್ನು ಗೊತ್ತುಮಾಡಲಾಯಿತು. ಬಿಡಿಸಿದ ಮೆಕ್ಕೆಜೋಳಕ್ಕೆ ಅದು 56 ಪೌಂಡ್, ಅಂದರೆ 25.4 ಕಿಲೋ, ಗೋಧಿಗೂ ಸೋಯಾಬೀನ್‌ಗೂ 60 ಪೌಂಡ್, ಓಟ್ಸ್‌ಗೆ 32. ಕಾಳು ಬಿಡಿಸದ ತೆನೆಯಾದರೆ 70 ಪೌಂಡನ್ನು ಒಂದು ಬುಶೆಲ್ ಎನ್ನುತ್ತಿದ್ದರು, ಏಕೆಂದರೆ ದಿಂಡಿನ ತೂಕ ಕಳೆದರೆ ಹೆಚ್ಚುಕಡಿಮೆ 56 ಪೌಂಡ್ ಕಾಳು ಉಳಿಯುತ್ತದೆ.

ಟ್ರಕ್ಕು ತುಂಬಿದ ತೂಕಕ್ಕೆ ನಿಂತಾಗ ಪ್ರೋಬ್ ಎಂಬ ಉದ್ದ ಕೊಳವೆಯನ್ನು ಕಾಳಿನೊಳಗೆ ಹಲವು ಕಡೆ ಇಳಿಸಿ ತಳದವರೆಗಿನ ಮಾದರಿಯನ್ನು ಎಳೆದುಕೊಳ್ಳುತ್ತೇವೆ. ಮೇಲ್ಪದರದ ಒಂದು ಬೊಗಸೆ ಕಾಳು ಇಡೀ ಹೇರಿನ ಗುಣವನ್ನು ಹೇಳುವುದಿಲ್ಲವಾದ್ದರಿಂದ ಈ ಹಂತದಲ್ಲಿ ನಾನು ಅವಸರ ಮಾಡುವುದಿಲ್ಲ. ಆ ಮಾದರಿಯಲ್ಲಿ ತೇವಾಂಶ, ಕೆಟ್ಟ ಕಾಳು, ನುಚ್ಚು ಮತ್ತು ಕಸದ ಪ್ರಮಾಣವನ್ನು ನೋಡುತ್ತೇವೆ. ಸಾಮಾನ್ಯ ವ್ಯಾಪಾರಕ್ಕೆ ಆಧಾರವಾದ ಎರಡನೇ ದರ್ಜೆಯ ಹಳದಿ ಜೋಳದಲ್ಲಿ ನುಚ್ಚು ಮತ್ತು ಕಸ ಶೇ. 3ನ್ನು, ಕೆಟ್ಟ ಕಾಳು ಶೇ. 5ನ್ನು ಮೀರಬಾರದು.

ಇದರ ಜೊತೆಗೆ ಟೆಸ್ಟ್ ವೇಟ್ ಎಂಬ ಪರೀಕ್ಷೆಯಿದೆ. ಬುಶೆಲಿನ ಮೂವತ್ತೆರಡನೇ ಒಂದು ಭಾಗದಷ್ಟಿರುವ ಕ್ವಾರ್ಟ್ ಪಾತ್ರೆಗೆ ನಿಗದಿತ ಎತ್ತರದಿಂದ ಕಾಳು ಸುರಿದು, ನಮ್ಮ ಹಿರಿಯರು ಕಣದಲ್ಲಿ ಕೊಳಗದ ಮೇಲ್ಭಾಗವನ್ನು ಸವರಿ ಸಮ ಮಾಡುತ್ತಿದ್ದಂತೆಯೇ, ಕೋಲಿನಿಂದ ಅಡ್ಡಡ್ಡ ಸವರಿ ತೂಗುತ್ತೇವೆ. ಹಳೆಯ ಗಾತ್ರದ ಬುಶೆಲ್ ನಮ್ಮ ಕೇಂದ್ರದಲ್ಲಿ ಕೈಗೆ ಸಿಗುವುದು ಇಲ್ಲಿ ಮಾತ್ರ. ಎರಡನೇ ದರ್ಜೆಗೆ ಈ ತೂಕ ಬುಶೆಲ್‌ಗೆ ಕನಿಷ್ಠ 54 ಪೌಂಡ್ ಇರಬೇಕು. ತನ್ನ ಜೋಳ 59 ಪೌಂಡ್ ತೂಗಿತೆಂದರೆ ಬುಶೆಲ್‌ಗಳ ಸಂಖ್ಯೆ ಹೆಚ್ಚಾಗುತ್ತದೆ ಎಂದು ಕೆಲವರು ಭಾವಿಸುತ್ತಾರೆ. ಅದು ಸರಿಯಲ್ಲ, ಟೆಸ್ಟ್ ವೇಟ್ ಎಷ್ಟೇ ಬಂದರೂ ಹಣ ಕೊಡುವ ಬುಶೆಲ್ 56 ಪೌಂಡಿನದೇ. ಟೆಸ್ಟ್ ವೇಟ್ ಕಡಿಮೆಯಾದಾಗ ಬೆಲೆಯಲ್ಲಿ ಕಡಿತವಾಗುತ್ತದೆ, ಅಷ್ಟೇ.

ಇನ್ನು ತೇವಾಂಶದ ಲೆಕ್ಕ. ನಮ್ಮಲ್ಲಿ ಆಧಾರ ತೇವಾಂಶ, ಅಂದರೆ ಕಡಿತವಿಲ್ಲದೆ ಒಪ್ಪುವ ಮಿತಿ, ಶೇ. 15, ಅದಕ್ಕಿಂತ ಮೇಲಿನ ಪ್ರತಿ ಒಂದು ಶೇಕಡಾ ಅಂಶಕ್ಕೆ ತೂಕದಲ್ಲಿ ಶೇ. 1.4ರಷ್ಟು ಕಳೆಯುತ್ತೇವೆ. ಒಂದು ಟ್ರಕ್ಕಿನ ಒಟ್ಟು ತೂಕ 79,200 ಪೌಂಡ್, ಖಾಲಿ ತೂಕ 26,300 ಪೌಂಡ್ ಎಂದಿಟ್ಟುಕೊಳ್ಳಿ. ನಿವ್ವಳ 52,900 ಪೌಂಡನ್ನು 56ರಿಂದ ಭಾಗಿಸಿದರೆ 944.64 ಬುಶೆಲ್. ತೇವಾಂಶ ಶೇ. 19 ಬಂದರೆ ಹೆಚ್ಚುವರಿ ನಾಲ್ಕು ಅಂಶಗಳಿಗೆ ಶೇ. 5.6 ಕಳೆಯಬೇಕು, ರೈತನಿಗೆ ಸಲ್ಲುವುದು 891.74 ಬುಶೆಲ್. ಆದರೆ ಕೇವಲ ನೀರಿನ ಲೆಕ್ಕ ಬೇರೆ. ಶೇ. 19 ತೇವಾಂಶದ ಜೋಳದಲ್ಲಿ ಒಣ ಭಾಗ ಶೇ. 81, ಒಣಗಿದ ಮೇಲೆ ಶೇ. 85, ಆದ್ದರಿಂದ ನಿವ್ವಳ ತೂಕವನ್ನು 81ರಿಂದ ಗುಣಿಸಿ 85ರಿಂದ ಭಾಗಿಸಿದರೆ 900.19 ಬುಶೆಲ್ ಬರುತ್ತದೆ. ನಡುವಿನ ಸುಮಾರು ಎಂಟೂವರೆ ಬುಶೆಲ್, ಒಣಗಿಸುವಾಗ ಮತ್ತು ಸಾಗಿಸುವಾಗ ದೂಳಾಗಿ, ನುಚ್ಚಾಗಿ ಹೋಗುವ ನಷ್ಟದ ಹೆಸರಿನಲ್ಲಿ ಕಳೆದದ್ದು. ಆ ನಷ್ಟ ನಿಜವಾದದ್ದೇ, ಆದರೆ ಅದರ ಪ್ರಮಾಣ ಕೇಂದ್ರದಿಂದ ಕೇಂದ್ರಕ್ಕೆ ಬೇರೆಯಾಗುತ್ತದೆ. ಒಣಗಿಸುವ ಶುಲ್ಕವಂತೂ ಪ್ರತ್ಯೇಕ. ಬೆಲೆಯಲ್ಲಿ ಎರಡು ಸೆಂಟ್ ಹೆಚ್ಚು ಕೊಡುವ ಕೇಂದ್ರಕ್ಕೆ ದೂರದಿಂದ ಹೇರು ತರುವ ರೈತರಿಗೆ, ಹೊರಡುವ ಮೊದಲು ಈ ಕಡಿತದ ಅಂಶವನ್ನೂ ಒಣಗಿಸುವ ಶುಲ್ಕವನ್ನೂ ಕೇಳಿ ತಿಳಿದುಕೊಳ್ಳಿ ಎಂದು ನಾನು ಯಾವಾಗಲೂ ಹೇಳುತ್ತೇನೆ.

ಅತಿಯಾಗಿ ಒಣಗಿಸಿ ತರುವುದೂ ನಷ್ಟವೇ. ಶೇ. 13 ತೇವಾಂಶದ ಜೋಳ ತಂದವನಿಗೆ ಹೆಚ್ಚುವರಿ ಹಣ ಕೊಡುವ ರೂಢಿಯಿಲ್ಲ. ಪ್ರತಿ ನೂರು ಬುಶೆಲ್‌ಗೆ ಸುಮಾರು 2.35 ಬುಶೆಲ್‌ನಷ್ಟು ಒಣ ಕಾಳನ್ನು ಆತ ಬಿಟ್ಟಿಯಾಗಿ ಕೊಟ್ಟಂತಾಗುತ್ತದೆ, ಜೊತೆಗೆ ಒಣಗಿಸಲು ಸುಟ್ಟ ಗ್ಯಾಸಿನ ಖರ್ಚು ಬೇರೆ. ಬೇಸಿಗೆ ದಾಟಿ ದಾಸ್ತಾನು ಇಡುವವನು ಅಷ್ಟು ಒಣಗಿಸಲೇಬೇಕು. ಕೊಯ್ಲಾದ ಕೂಡಲೇ ಮಾರುವವನಿಗೆ ಅದರ ಅಗತ್ಯವಿಲ್ಲ.

ಬೆಲೆ ನಿಗದಿಯಾಗುವುದು 1848ರಲ್ಲಿ ಸ್ಥಾಪನೆಯಾದ ಸರಕು ವಿನಿಮಯ ಕೇಂದ್ರ ಶಿಕಾಗೊ ಬೋರ್ಡ್ ಆಫ್ ಟ್ರೇಡ್‌ನ ಫ್ಯೂಚರ್ಸ್ ದರವನ್ನು, ಅಂದರೆ ಮುಂದಿನ ತಿಂಗಳೊಂದರಲ್ಲಿ ಕೊಡುವ ಕಾಳಿಗೆ ಈಗಲೇ ಗೊತ್ತುಮಾಡುವ ಬೆಲೆಯನ್ನು, ಆಧರಿಸಿ. ಅಲ್ಲಿ ಒಂದು ಒಪ್ಪಂದವೆಂದರೆ 5,000 ಬುಶೆಲ್. ದರ ಕಾಲು ಸೆಂಟ್ ಕದಲಿದರೂ ಒಪ್ಪಂದಕ್ಕೆ 12.50 ಡಾಲರ್ ವ್ಯತ್ಯಾಸ. ಸಾಗಣೆ ವೆಚ್ಚ ಮತ್ತು ಸ್ಥಳೀಯ ಬೇಡಿಕೆಗೆ ತಕ್ಕಂತೆ ಆ ದರಕ್ಕೆ ನಾವು ಕೂಡಿಸುವ ಅಥವಾ ಕಳೆಯುವ ಮೊತ್ತಕ್ಕೆ ಬೇಸಿಸ್ ಎನ್ನುತ್ತಾರೆ. ಫ್ಯೂಚರ್ಸ್ 4.50 ಡಾಲರ್, ಬೇಸಿಸ್ ಮೈನಸ್ 25 ಸೆಂಟ್ ಇದ್ದರೆ ರೈತನಿಗೆ ಸಿಗುವ ದರ 4.25. ಸಮೀಪದಲ್ಲಿ ಎಥನಾಲ್ ಕಾರ್ಖಾನೆಯೋ ನದಿಯಲ್ಲಿ ಬಾರ್ಜ್ ಎಂಬ ಸರಕು ದೋಣಿಗಳ ಕಟ್ಟೆಯೋ ಇದ್ದರೆ ಬೇಸಿಸ್ ಸಾಮಾನ್ಯವಾಗಿ ಉತ್ತಮವಾಗಿರುತ್ತದೆ. ಕೊಯ್ಲಿನ ಒತ್ತಡದಲ್ಲಿ ಎಲ್ಲರೂ ಒಟ್ಟಿಗೆ ತಂದಾಗ ಕುಸಿಯುತ್ತದೆ.

ಶಿಕಾಗೊ ದರವನ್ನು ಊರಿನ ದರದೊಂದಿಗೆ ಹೋಲಿಸಬೇಕಾದಾಗ ನಾನು ಬುಶೆಲ್ ಬೆಲೆಯನ್ನು 3.937ರಿಂದ ಗುಣಿಸುತ್ತೇನೆ, ಏಕೆಂದರೆ ಒಂದು ಕ್ವಿಂಟಲಿಗೆ ಅಷ್ಟು ಬುಶೆಲ್. ಹಾಗೆ 4.25 ಡಾಲರ್ ಎಂದರೆ ಕ್ವಿಂಟಲಿಗೆ 16.73 ಡಾಲರ್, ಅದನ್ನು ಅಂದಿನ ವಿನಿಮಯ ದರದಿಂದ ಗುಣಿಸಿದರೆ ರೂಪಾಯಿ ಲೆಕ್ಕ ಸಿಗುತ್ತದೆ. ಇಳುವರಿಗೂ ಇದೇ ದಾರಿ: 2023ರಲ್ಲಿ ಅಮೆರಿಕದ ಸರಾಸರಿ ಇಳುವರಿ ಎಕರೆಗೆ 177.3 ಬುಶೆಲ್, ಅಂದರೆ ಸುಮಾರು 45 ಕ್ವಿಂಟಲ್. ರಾಣೆಬೆನ್ನೂರು ಅಥವಾ ದಾವಣಗೆರೆಯ ಮಾರುಕಟ್ಟೆಯಲ್ಲಿ ಈ ಅಂಕಿಗಳನ್ನು ಬಳಸುವವರು ತೇವಾಂಶದ ಆಧಾರ ಎರಡೂ ಕಡೆ ಒಂದೇ ಇದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಒಂದು ಕಡೆ 15, ಇನ್ನೊಂದು ಕಡೆ 14 ಇದ್ದರೆ ಒಂದೇ ಒಣ ಕಾಳಿಗೆ ತೂಕ ಶೇ. 1ಕ್ಕಿಂತ ಹೆಚ್ಚು ಬೇರೆಯಾಗುತ್ತದೆ.