ಪೊಟ್ಟಣ ಕಸವಾಗದಂತೆ ರೂಪಿಸುವುದು ಹೇಗೆ?

ಕಂದು ಕಾಗದ, ಮೇಲೊಂದು ಹಸಿರೆಲೆಯ ಚಿತ್ರ. ಹರಿದು ನೋಡಿದರೆ ಒಳಗೆ ಬಿಡಿಸಲಾಗದಂತೆ ಅಂಟಿದ ಪ್ಲಾಸ್ಟಿಕ್. ಇಂಥದ್ದನ್ನು ಕಾಗದ ಮರುಬಳಸುವವರೂ ಒಲ್ಲರು, ಪ್ಲಾಸ್ಟಿಕ್‌ನವರೂ ಒಲ್ಲರು. ಚಿತ್ರ, ಬಣ್ಣ ಆಮೇಲಿನ ಮಾತು.

ಮೊದಲು ತಿನಿಸನ್ನು ಕೆಡಿಸುವುದು ಯಾವುದೆಂದು ಬರೆದುಕೊಳ್ಳಿ. ಗರಿಗರಿ ತಿಂಡಿ ತೇವಕ್ಕೆ ಮೆತ್ತಗಾಗುತ್ತದೆ, ಕರಿದದ್ದು ಆಮ್ಲಜನಕ ತಾಗಿ ಕಮಟುತ್ತದೆ, ಹಾಲು ಬೆಳಕಿಗೆ ರುಚಿಗೆಡುತ್ತದೆ. ಎಷ್ಟು ದಿನ ಬಾಳಬೇಕು ಎಂಬುದೂ ಪಟ್ಟಿಯಲ್ಲಿರಲಿ. ಇದನ್ನು ನೋಡದೆ ಪದರ ತೆಳುಮಾಡಿದರೆ 2 ಗ್ರಾಂ ಪ್ಲಾಸ್ಟಿಕ್ ಉಳಿಸಲು ಹೋಗಿ 200 ಗ್ರಾಂ ತಿನಿಸು ಎಸೆಯಬೇಕಾದೀತು.

ಎರಡನೆಯದು ವಸ್ತುವಿನ ಆಯ್ಕೆ. ಪೆಟ್ (ನೀರಿನ ಬಾಟಲಿಯ ಪ್ಲಾಸ್ಟಿಕ್), ಅಲ್ಯೂಮಿನಿಯಂ, ಪಾಲಿಥೀನ್ ಮೂರನ್ನೂ ಅಂಟಿಸಿದ ಪೌಚ್ ತಿನಿಸನ್ನೇನೋ ಚೆನ್ನಾಗಿ ಕಾಯುತ್ತದೆ, ಆದರೆ ಪದರ ಬೇರ್ಪಡಿಸುವುದು ಕಷ್ಟ. ಬದಲಿಗೆ ಎಲ್ಲ ಪದರವೂ ಪಾಲಿಥೀನ್ ಇರಲಿ. ಆಮ್ಲಜನಕ ತಡೆಯಲು ನಡುವೆ ಇವಿಒಎಚ್ ಎಂಬ ಇನ್ನೊಂದು ಪ್ಲಾಸ್ಟಿಕ್‌ನ ತೆಳು ಪದರ ಸಾಕು. ಅದು ಪೌಚ್‌ನ ಒಟ್ಟು ತೂಕದ ಶೇ 5 ಮೀರದಿರಲಿ. ತೇವ ತಗುಲಿದರೆ ಅದರ ತಡೆಯುವ ಶಕ್ತಿ ಕುಂದುವುದರಿಂದ ಎರಡೂ ಬದಿ ಪಾಲಿಥೀನ್ ಹೊದಿಕೆ ಬೇಕೇ ಬೇಕು.

ಹೆಚ್ಚಿನವರು ಎಡವುವುದು ಸೀಲ್ ಹಾಕುವಾಗ. ಹಳೆಯ ಪೌಚ್‌ನಲ್ಲಿ ಹೊರಗಿನ ಪೆಟ್ ಕರಗುವುದು ಸುಮಾರು 250 ಡಿಗ್ರಿ ಸೆಲ್ಸಿಯಸ್‌ಗೆ, ಒಳಗಿನ ಪಾಲಿಥೀನ್ 110–120ಕ್ಕೆ. ಬಿಸಿ ತುಸು ಹೆಚ್ಚಾದರೂ ನಡೆದುಹೋಗುತ್ತಿತ್ತು. ಎರಡೂ ಪಾಲಿಥೀನ್ ಆದಾಗ ಆ ಸಲಿಗೆ ಇಲ್ಲ. ಹೊರಮೈ ಯಂತ್ರದ ಬಿಸಿ ಪಟ್ಟಿಗೆ ಅಂಟಿ ಮುದುಡುತ್ತದೆ. ಹೆದರಿ ಬಿಸಿ ತಗ್ಗಿಸಿದರೆ ಮಡಿಕೆ ಬೀಳುವ ಮೂಲೆಗಳಲ್ಲಿ ಸೋರುತ್ತದೆ. ಹೊರಗೆ ಎಳೆದು ಬಿಗಿಗೊಳಿಸಿದ ಎಚ್‌ಡಿಪಿಇ (ಗಟ್ಟಿ ಬಗೆಯ ಪಾಲಿಥೀನ್), ಒಳಗೆ ಕಡಿಮೆ ಬಿಸಿಗೇ ಕರಗುವ ಪಾಲಿಥೀನ್ ದರ್ಜೆ ಇಟ್ಟು, ಬಿಸಿಯನ್ನು 5 ಡಿಗ್ರಿಯಂತೆ ಏರಿಸುತ್ತ ಪ್ರತಿ ಸಲವೂ ಸೀಲ್ ಎಳೆದು ನೋಡಿ. ಯಂತ್ರದ ವೇಗ ಕಡಿಮೆಯಾಗಬಹುದು, ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಬಾಟಲಿಯಾದರೆ ಮರುಬಳಕೆ ಘಟಕದಲ್ಲಿ ಅದರ ಚೂರುಗಳನ್ನು ತೊಳೆಯುವ ತೊಟ್ಟಿಯನ್ನು ನೆನೆಯಿರಿ. ನೀರಿನ ಸಾಂದ್ರತೆ 1 ಆದರೆ ಪೆಟ್‌ನದು 1.38, ಮುಳುಗುತ್ತದೆ; ಪಾಲಿಪ್ರೊಪಿಲೀನ್ 0.90, ತೇಲುತ್ತದೆ. ಮುಚ್ಚಳ, ಲೇಬಲ್ ಎರಡಕ್ಕೂ ತೇಲುವುದನ್ನೇ ಆರಿಸಿ. ಪಿವಿಸಿ ಲೇಬಲ್ ಪೆಟ್ ಜತೆಗೇ ಮುಳುಗಿ, ಕರಗಿಸುವಾಗ ಆಮ್ಲ ಬಿಟ್ಟು ಎಲ್ಲವನ್ನೂ ಕೆಡಿಸುತ್ತದೆ. ಕಾರ್ಬನ್ ಬ್ಲ್ಯಾಕ್ ಎಂಬ ಮಸಿಬಣ್ಣ ಬೆರೆತ ಕಪ್ಪು ತಟ್ಟೆಯಂತೂ ವಿಂಗಡಿಸುವ ಇನ್ಫ್ರಾರೆಡ್ ಯಂತ್ರಗಳ ಕಣ್ಣಿಗೇ ಬೀಳದು.

‘ಗೊಬ್ಬರವಾಗುತ್ತದೆ’ ಎಂದು ಪಿಎಲ್‌ಎ (ಸಸ್ಯಮೂಲದ ಪ್ಲಾಸ್ಟಿಕ್) ಬಳಸುವ ಮುನ್ನ ಯೋಚಿಸಿ. ಅದಕ್ಕೆ ಸುಮಾರು 58–60 ಡಿಗ್ರಿ ಬಿಸಿ ಕಾಯ್ದುಕೊಳ್ಳುವ ಘಟಕ ಬೇಕು. ಹಿತ್ತಲ ಗುಂಡಿಯಲ್ಲಿ ಹಾಗೇ ಬಿದ್ದಿರುತ್ತದೆ.

ಕೊನೆಗೆ ಪರೀಕ್ಷೆ. ಖಾಲಿ ಪೌಚ್ ಬೇಡ, ತಿನಿಸು ತುಂಬಿಯೇ ಮಾಡಿ. 38 ಡಿಗ್ರಿ, ಶೇ 90 ತೇವಾಂಶದಲ್ಲಿಟ್ಟು ಒಳಗೆ ಎಷ್ಟು ತೇವ ಇಳಿಯಿತೆಂದು ತೂಗಿ. ಇನ್ನು ಕೆಲವನ್ನು ಮೂಲೆ ಕೆಳಗಾಗಿ ಬೀಳಿಸಿ, ಅವನ್ನೇ ಮುಚ್ಚಿದ ಪಾತ್ರೆಯ ನೀರಲ್ಲಿ ಮುಳುಗಿಸಿ, ನೀರಿನ ಮೇಲಿನ ಗಾಳಿಯನ್ನು ಹೊರಗೆಳೆದು ಗುಳ್ಳೆ ಏಳುತ್ತದೆಯೇ ನೋಡಿ. ಬೀಳಿಸುವ ಮುಂಚೆ ಮಾಡಿದ ಸೋರಿಕೆ ಪರೀಕ್ಷೆಯಲ್ಲಿ ಎಲ್ಲ ಪೌಚೂ ಪಾಸಾಗಬಹುದು. ಲಾರಿಯಿಂದ ಇಳಿಯುವ ಪೌಚ್ ಬಗ್ಗೆ ಅದು ಏನನ್ನೂ ಹೇಳದು.